ಪಕ್ಕದ ಮನೆಯ ಬಾ ಹಾಕಿದ ಸಹಿ

ಬ್ರಿಟನ್ನಿನ ಪೌರತ್ವಕ್ಕೆ ಅರ್ಜಿ ಹಾಕುವವರು ತಮ್ಮನ್ನು ಕನಿಷ್ಠ ಮೂರು ವರ್ಷಗಳಿಂದ ಬಲ್ಲ ಇಬ್ಬರ ಸಹಿಯನ್ನು ಅರ್ಜಿಯ ಜೊತೆಗೆ ಸಲ್ಲಿಸಬೇಕು. ಒಬ್ಬರು ಮಾನ್ಯತೆಯುಳ್ಳ ವೃತ್ತಿಯಲ್ಲಿರಬೇಕು, ಅವರು ಯಾವ ದೇಶದವರಾದರೂ ಸರಿ. ಇನ್ನೊಬ್ಬರ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇರಲೇಬೇಕು. ಮೊದಲನೆಯ ಸಹಿಯನ್ನು ನಮ್ಮ ಕಚೇರಿಯ ಅಕೌಂಟೆಂಟ್ ಒಬ್ಬರು ಊಟದ ಬಿಡುವಿನಲ್ಲಿ ಹಾಕಿಕೊಟ್ಟರು. ಎರಡನೆಯ ಸಹಿಗಾಗಿ ನಾನು 2024ರ ಏಪ್ರಿಲ್ ತಿಂಗಳ ಒಂದು ಭಾನುವಾರ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಈ ದೇಶಕ್ಕೆ ಇನ್ನು ಯಾರೂ ಬರಕೂಡದು ಎಂದು ಆರೂವರೆ ವರ್ಷಗಳಿಂದ ನನ್ನೆದುರಿಗೇ ಹೇಳುತ್ತ ಬಂದಿದ್ದ, ಎಪ್ಪತ್ತೊಂದು ವರ್ಷ ವಯಸ್ಸಿನ ಗುಜರಾತಿ ಮಹಿಳೆಯೊಬ್ಬರ ಮನೆ ಅದು.

ಲೆಸ್ಟರ್ ನಗರಕ್ಕೆ ನಾನು ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಏಳು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ಹುಟ್ಟಿ ಬೆಳೆದದ್ದು ಕಾರವಾರ. ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿಗಳು, ಚಿನ್ನದ ಅಂಗಡಿಗಳು, ಗುಜರಾತಿ ಅಕ್ಷರದ ಫಲಕಗಳು, ಢೋಕ್ಲಾ ಮತ್ತು ಜಿಲೇಬಿಯ ವಾಸನೆ ಇವುಗಳ ನಡುವೆ ಒಂದು ಸಾಲುಮನೆಯನ್ನು ಬಾಡಿಗೆಗೆ ಹಿಡಿದಾಗ, ಪರದೇಶಕ್ಕೆ ಬಂದೆನೆಂಬ ಅಳುಕು ಅರ್ಧಕ್ಕರ್ಧ ಇಳಿದಿತ್ತು. 2021ರ ಜನಗಣತಿಯ ಪ್ರಕಾರ ಈ ನಗರದಲ್ಲಿ ಏಷ್ಯಾ ಮೂಲದವರು ಸುಮಾರು ಶೇ 43, ಬಿಳಿಯರು ಸುಮಾರು ಶೇ 41. ಅಂದರೆ ಅರ್ಧಕ್ಕಿಂತ ಹೆಚ್ಚಿರುವ ಗುಂಪು ಯಾವುದೂ ಇಲ್ಲ. ಇಂಥ ಊರಿನಲ್ಲಿ ಹೊಸಬರನ್ನು ಕಂಡರೆ ಯಾರಿಗೂ ಮುಜುಗರವಿರಲಾರದೆಂದು ನಾನು ಎಣಿಸಿದ್ದೆ.

ಆ ಎಣಿಕೆಯನ್ನು ಮೊದಲ ತಿಂಗಳಲ್ಲೇ ಅಲುಗಾಡಿಸಿದವರು ಪಕ್ಕದ ಮನೆಯವರು. ಬೀದಿಯವರೆಲ್ಲ ಅವರನ್ನು ‘ಬಾ’ ಎಂದು ಕರೆಯುತ್ತಿದ್ದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಕನ್ನಡದ ಕಿವಿಗೆ ಅದು ಒಳಗೆ ಕರೆಯುವ ಮಾತು. ನಾನು ಅವರನ್ನು ಕೂಗಿದಾಗಲೆಲ್ಲ ನನ್ನ ಭಾಷೆಯಲ್ಲಿ ಅವರನ್ನು ಬರಹೇಳಿದಂತೆಯೇ ಆಗುತ್ತಿತ್ತು, ಮತ್ತು ಅವರು ಗೋಡೆಯಾಚೆಯಿಂದ ಬಂದೇ ಬರುತ್ತಿದ್ದರು, ಕೈಯಲ್ಲೊಂದು ಡಬ್ಬಿ ಹಿಡಿದು. ಮರಗೆಣಸನ್ನು ಅವರು ‘ಮೊಗೊ’ ಎನ್ನುತ್ತಾರೆ, ಶೇಂಗಾಕ್ಕೆ ‘ಜುಗು’, ಚಾಕುವಿಗೆ ‘ಕಿಸು’. ಈ ಸ್ವಾಹಿಲಿ ಮಾತುಗಳೆಲ್ಲ ಐವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಉಗಾಂಡದವು. ಹುರಿದ ಮೊಗೊ ನನ್ನ ಕೈಗಿಟ್ಟು, “ಈಗ ಬರುತ್ತಿರುವವರು ಸಾಕು ದೀಕರಿ, ಇನ್ನು ಬಾಗಿಲು ಹಾಕಬೇಕು” ಎನ್ನುತ್ತಿದ್ದರು. ದೀಕರಿ ಎಂದರೆ ಮಗಳು. ಒಂದು ತಿಂಗಳ ಹಿಂದೆ ಬಂದವಳ ಎದುರಿಗೆ ಇದನ್ನು ಆಡುತ್ತಿದ್ದೇನೆ ಎಂಬ ಸಂಕೋಚ ಅವರ ಮುಖದಲ್ಲಿ ಇರಲಿಲ್ಲ. ನನ್ನನ್ನು ನೋಯಿಸುವ ಉದ್ದೇಶವೂ ಇರಲಿಲ್ಲ. ಅವರ ಲೆಕ್ಕದಲ್ಲಿ ನಾನು ‘ವೀಸಾದ ಹುಡುಗಿ’, ಕೆಲಸವಿದ್ದು, ತೆರಿಗೆ ಕಟ್ಟಿ, ಸರದಿಯಲ್ಲಿ ನಿಂತು ಬಂದವಳು.

ಬಾ ಅವರ ಕಥೆಯನ್ನು ನಾನು ಒಂದೇ ಸಲ ಕೇಳಿದ್ದಲ್ಲ, ಚೂರು ಚೂರಾಗಿ, ಬಟ್ಟೆ ಒಣಹಾಕುವಾಗ, ಬಸ್ಸಿಗೆ ಕಾಯುವಾಗ, ದೀಪಾವಳಿಯ ಜನಜಂಗುಳಿಯಲ್ಲಿ ನಡೆಯುವಾಗ ಕೇಳಿ ಜೋಡಿಸಿಕೊಂಡದ್ದು. 1972ರ ಆಗಸ್ಟ್ ಆರಂಭದಲ್ಲಿ ಉಗಾಂಡದ ಸರ್ವಾಧಿಕಾರಿ ಈದಿ ಅಮೀನ್ ಏಷ್ಯನ್ನರೆಲ್ಲ 90 ದಿನಗಳೊಳಗೆ ದೇಶ ಬಿಡಬೇಕೆಂದು ಸಾರಿದಾಗ ಅವರಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿ ಏಳು ತಿಂಗಳು. ಗಂಡನ ಮನೆಯವರಿಗೆ ಜಿಂಜಾದಲ್ಲಿ ಬಟ್ಟೆ ಅಂಗಡಿ ಇತ್ತು. ಅಂಗಡಿಯ ಬೀಗದಕೈಯನ್ನು ಕೆಲಸದವನ ಕೈಯಲ್ಲಿಟ್ಟು, ಒಂದೆರಡು ಪೆಟ್ಟಿಗೆ ಹಿಡಿದು, ಸೈನಿಕರ ತಪಾಸಣೆಗಳನ್ನು ದಾಟಿ ವಿಮಾನ ಹತ್ತಿದರು. ಅಮೀನನ ಸೈನಿಕರೊಬ್ಬರು ಮೂಗುಬೊಟ್ಟನ್ನೂ ಬಿಚ್ಚಿಸಿಕೊಂಡರಂತೆ. ಐವತ್ತು ವರ್ಷಗಳ ನಂತರವೂ ಆ ಮಾತು ಬಂದಾಗ ಅವರ ಬೆರಳು ತಾನಾಗಿ ಮೂಗಿನತ್ತ ಹೋಗುತ್ತದೆ. ಇಳಿದದ್ದು ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ, ಇಟ್ಟದ್ದು ಸಫೋಕ್ ಜಿಲ್ಲೆಯ ಸ್ಟ್ರಾಡಿಶಾಲ್ ಎಂಬ ಹಳೆಯ ವಾಯುಪಡೆಯ ನೆಲೆಯಲ್ಲಿ ಮಾಡಿದ್ದ ಶಿಬಿರದಲ್ಲಿ.

ಉಗಾಂಡದಿಂದ ಬಂದವರಿಗಾಗಿ ಸರ್ಕಾರ ರಚಿಸಿದ್ದ ಪುನರ್ವಸತಿ ಮಂಡಳಿಯು ಬ್ರಿಟನ್ನಿನ ಊರುಗಳನ್ನು ಕೆಂಪು, ಹಸಿರು ಎಂದು ವಿಂಗಡಿಸಿತ್ತು. ಜಾಗವಿಲ್ಲದ ಕೆಂಪು ಊರುಗಳಿಗೆ ಹೋಗಬೇಡಿರೆಂದು ಸಲಹೆ ಮಾಡುತ್ತಿತ್ತು. ಲೆಸ್ಟರ್ ಕೆಂಪು ಪಟ್ಟಿಯಲ್ಲಿತ್ತು. ಅಷ್ಟು ಸಾಲದೆಂಬಂತೆ ಇಲ್ಲಿನ ನಗರಾಡಳಿತವು 1972ರ ಸೆಪ್ಟೆಂಬರಿನಲ್ಲಿ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಮನೆಗಳಿಗೆ ಕಾಯುವವರ ಸಾಲು ಉದ್ದವಿದೆ, ಶಾಲೆಗಳು ತುಂಬಿವೆ, ನಿಮ್ಮ ಹಿತಕ್ಕಾಗಿಯೇ ಹೇಳುತ್ತೇವೆ, ಲೆಸ್ಟರಿಗೆ ಬರಬೇಡಿ ಎಂದು ತಿಳಿಸಿತು. ಬಾ ಅವರ ಮಾವ ಆ ಜಾಹೀರಾತನ್ನು ಓದಿಯೇ, ಇಷ್ಟು ಬೇಡವೆನ್ನುತ್ತಾರೆಂದರೆ ಅಲ್ಲಿ ನಮ್ಮವರು ಬಹಳ ಮಂದಿ ಇದ್ದಿರಬೇಕು ಎಂದು ತೀರ್ಮಾನಿಸಿ, ಸ್ಟ್ರಾಡಿಶಾಲಿನಿಂದ ನೇರ ಇಲ್ಲಿಗೇ ಬಂದರು. ಮನೆ ಸಿಕ್ಕಿದ್ದು ಕೀನ್ಯಾದಿಂದ ನಾಲ್ಕು ವರ್ಷ ಮೊದಲು ಬಂದಿದ್ದ ಗುಜರಾತಿಯೊಬ್ಬರದು. ಒಂದು ಕೋಣೆಯಲ್ಲಿ ಆರು ಮಂದಿ, ಬಾಡಿಗೆ ಮಾತ್ರ ಉಳಿದವರ ಎರಡರಷ್ಟು. ನೀವೆಲ್ಲ ಹೀಗೆ ಹಿಂಡುಗಟ್ಟಿ ಬಂದರೆ ಬಿಳಿಯರು ನಮ್ಮನ್ನೂ ಓಡಿಸುತ್ತಾರೆ ಎಂದು ಆ ಮನೆಯೊಡೆಯರು ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಹೇಳುತ್ತಿದ್ದರಂತೆ.

ಇದನ್ನು ಹೇಳಿದವರೇ ಬಾ. ಆಮೇಲೆ ಅದೇ ಉಸಿರಿನಲ್ಲಿ, ಫ್ರಾನ್ಸಿನ ಕಡೆಯಿಂದ ಇಂಗ್ಲಿಷ್ ಕಾಲುವೆ ದಾಟಿ ದೋಣಿಯಲ್ಲಿ ಬರುವವರನ್ನು ಹಿಂದಕ್ಕೆ ಕಳಿಸಬೇಕೆಂದೂ ಹೇಳಿದರು. ಈ ಎರಡು ಮಾತುಗಳ ನಡುವೆ ಇರುವ ಸಂಬಂಧ ಅವರಿಗೆ ಕಾಣುವುದಿಲ್ಲವೇ ಎಂದು ನಾನು ಬಹಳ ಕಾಲ ಯೋಚಿಸಿದೆ. ಅವರ ಉತ್ತರ ಸ್ಪಷ್ಟವಾಗಿತ್ತು. ತಮ್ಮ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, ಬ್ರಿಟನ್ ಮಾತು ಕೊಟ್ಟಿತ್ತು. ಬಂದ ಮೂರನೆಯ ವಾರದಿಂದ ಹೊಸೈರಿ ಕಾರ್ಖಾನೆಯಲ್ಲಿ ಓವರ್‌ಲಾಕ್ ಯಂತ್ರದ ಮುಂದೆ ಕುಳಿತವರು ಇಪ್ಪತ್ತೆಂಟು ವರ್ಷ ಏಳಲಿಲ್ಲ. ಯಾರ ಬಳಿಯೂ ಕೈಚಾಚಲಿಲ್ಲ. 2016ರ ಜೂನ್ 23ರ ಜನಮತಗಣನೆಯಲ್ಲಿ ಅವರು ಐರೋಪ್ಯ ಒಕ್ಕೂಟ ಬಿಡುವುದಕ್ಕೆ ಮತ ಹಾಕಿದ್ದರು. ಲೆಸ್ಟರಿನಲ್ಲಿ ಉಳಿಯೋಣವೆಂದವರು ಸುಮಾರು ಶೇ 51 ಮಾತ್ರ, ಆದ್ದರಿಂದ ಅವರಂತೆ ಮತ ಹಾಕಿದವರು ಈ ಬೀದಿಯಲ್ಲೇ ಎಷ್ಟೋ ಮಂದಿ ಇದ್ದಿರಬೇಕು. ಗುಜರಾತಿನ ರಾಜ್‌ಕೋಟ್‌ನಲ್ಲಿರುವ ತಂಗಿಯ ಮಗಳು ಮೂರು ವಾರ ಇದ್ದುಹೋಗಲು ಹಾಕಿದ ವೀಸಾ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಯುರೋಪಿನಿಂದ ಮಾತ್ರ ಯಾರು ಬೇಕಾದರೂ ಬರಬಹುದಿತ್ತು. ಒಕ್ಕೂಟ ಬಿಟ್ಟರೆ ಕಾಮನ್‌ವೆಲ್ತ್ ದೇಶದವರಿಗೆ ದಾರಿ ಸುಲಭವಾಗುವುದೆಂದು ಆಗ ಪ್ರಚಾರ ಮಾಡಿದವರಿದ್ದರು. ಅಡುಗೆಯವರಿಗೆ ವೀಸಾ ಸಿಗುವುದೆಂದು ನಂಬಿ ಕರಿ ರೆಸ್ಟೋರೆಂಟುಗಳನ್ನು ನಡೆಸುವ ಹಲವು ಬಾಂಗ್ಲಾದೇಶಿ ಮೂಲದವರೂ ಅದೇ ಕಡೆಗೆ ಒಲಿದಿದ್ದರು. ಹತ್ತಿದ ಏಣಿಯನ್ನು ಒದೆಯುವವರು ಎಂದು ಇಂಥವರನ್ನು ಸುಲಭವಾಗಿ ಕರೆಯುತ್ತಾರೆ. ಬಾ ಅವರ ಮಟ್ಟಿಗೆ ಅದು ಸರಿಯಾದ ಮಾತಲ್ಲ. ತಮ್ಮ ತಂಗಿಯ ಮಗಳಿಗೆ ಏಣಿಯನ್ನೇ ಕೊಡದವರು ಇನ್ನೊಬ್ಬರಿಗೆ ಮೆಟ್ಟಿಲು ಕಟ್ಟಿಕೊಟ್ಟರೆಂಬುದು ಅವರ ಸಿಟ್ಟು.

ಮೆಟ್ಟಿಲು ಸಿಕ್ಕವರು ನನ್ನ ಇನ್ನೊಂದು ಪಕ್ಕದ ಮನೆಯಲ್ಲಿದ್ದರು. ಒಮ್ಮೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ದೀವ್‌ನಿಂದ (ದಿಯು) ಬಂದ ಆ ಕುಟುಂಬದವರೆಲ್ಲರ ಬಳಿಯೂ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಇತ್ತು. ಕಾರವಾರದವಳಾದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಾಳಿ ನದಿ ದಾಟಿ ಮಾಜಾಳಿಯ ಗಡಿಯಾಚೆ ಕಾಲಿಟ್ಟರೆ ಗೋವಾದ ಕಾಣಕೋಣ; ಗೋವಾ, ದಮನ್, ದೀವ್‌ಗಳಲ್ಲಿ 1961ರ ಡಿಸೆಂಬರ್ 19ಕ್ಕಿಂತ ಮೊದಲು ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ಚುಗೀಸ್ ಪೌರತ್ವ ಕೇಳಬಹುದೆಂಬುದು ನಮ್ಮೂರಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೂ ಗೊತ್ತಿರುವ ವಿಷಯ. ನನ್ನ ಶಾಲೆಯ ಗೆಳತಿಯೊಬ್ಬಳು ಕಾಣಕೋಣದ ಮನೆಗೆ ಮದುವೆಯಾಗಿ ಹೋಗಿ, ಐದೇ ವರ್ಷದಲ್ಲಿ ಇಂಗ್ಲೆಂಡಿನ ಸ್ವಿಂಡನ್ ಸೇರಿದ್ದಳು. ನದಿಯ ಈ ದಂಡೆಯಲ್ಲಿ ಹುಟ್ಟಿದ ನಾನು ಐದು ವರ್ಷ ವೀಸಾದ ದಾರದ ಮೇಲೆ ನಡೆದೆ.

ದೀವ್‌ನ ಮನೆಯ ಹೆಂಗಸನ್ನು ನಾನು ಭಾಭಿ ಎನ್ನುತ್ತೇನೆ. ಆಕೆ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ, ಗಂಡ ಗೋದಾಮಿನಲ್ಲಿ ದುಡಿಯುತ್ತಾನೆ. ಬಾ ಅವರೂ ಭಾಭಿಯೂ ಒಂದೇ ಭಾಷೆಯವರು, ಒಂದೇ ನವರಾತ್ರಿಯವರು, ಆದರೆ ಬಾ ಅವರ ಬಾಯಲ್ಲಿ ಇವರು ‘ಪೋರ್ಚುಗೀಸ್‌ನವರು’. ಒಂದು ಮನೆಯಲ್ಲಿ ಹತ್ತು ಜನರಿರುತ್ತಾರೆ, ತಡರಾತ್ರಿಯವರೆಗೆ ಹಾಡು ಹಾಕುತ್ತಾರೆ, ಕಸದ ಡಬ್ಬಿಯನ್ನು ಸರಿಯಾದ ದಿನ ಹೊರಗಿಡುವುದಿಲ್ಲ, ಹಿಂಬಾಗಿಲಿನಿಂದ ಬಂದವರು. 1972ರಲ್ಲಿ ಕೀನ್ಯಾದ ಮನೆಯೊಡೆಯ ಆಡಿದ್ದ ದೂರುಗಳ ಪಟ್ಟಿಯೇ ಇದು. ಹಾಡಿನ ವಿಷಯವೊಂದು ಹೊಸತು.

2022ರ ಆಗಸ್ಟ್ ಕೊನೆಗೆ ನಡೆದ ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯದ ನಂತರ ಇಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರ ನಡುವೆ ಉದ್ವಿಗ್ನತೆ ಬೆಳೆದು, ಸೆಪ್ಟೆಂಬರ್ ಮಧ್ಯದಲ್ಲಿ ಬೀದಿ ಗಲಭೆಯಾಯಿತು. ನಾನು ಕಾಯಂ ವಾಸದ ಪರವಾನಗಿಗೆ ಅರ್ಜಿ ತುಂಬುತ್ತಿದ್ದ ವಾರವದು. ಆಗ ಹಳೆಯ ಹಿಂದೂಗಳೂ ಹಳೆಯ ಮುಸ್ಲಿಮರೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ಐವತ್ತು ವರ್ಷ ನಾವು ಹೊಂದಿಕೊಂಡು ಬಾಳಿದೆವು, ದಮನ್-ದೀವ್‌ನಿಂದ ಬಂದ ಹೊಸಬರೇ ಎಲ್ಲ ಕೆಡಿಸಿದರು. ನಮ್ಮ ಭಾಭಿಯ ಹದಿನಾರು ವರ್ಷದ ಮಗ ಆ ಎರಡು ವಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಮೇಲೆ ಬಾ ಅವರು ಅವನನ್ನು ಬೀದಿಯಲ್ಲಿ ಕಂಡಾಗಲೆಲ್ಲ ಮೈ ಸರಿಸಿ ನಡೆಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಬಾ ಅವರ ಬಗ್ಗೆ ತೀರ್ಪು ಕೊಡುವ ಮೊದಲು ನನ್ನ ವಿಷಯವನ್ನು ಹೇಳಲೇಬೇಕು. ಕಾಯಂ ವಾಸದ ಆ ಅರ್ಜಿಗೆ ನಾನು 2,404 ಪೌಂಡ್ ಕಟ್ಟಿದೆ. ಅದಕ್ಕೂ ಮೊದಲು ವೀಸಾ ಶುಲ್ಕ, ಅದರ ಮೇಲೆ ಆರೋಗ್ಯ ಸೇವೆಯ ಹೆಸರಿನ ಹೆಚ್ಚುವರಿ ಶುಲ್ಕ; ಅದು ನಾನು ಬಂದಾಗ ವರ್ಷಕ್ಕೆ 200 ಪೌಂಡ್ ಇತ್ತು, ಮೂರು ವರ್ಷದ ನಂತರ ನವೀಕರಿಸುವಾಗ 400 ಆಗಿತ್ತು. ಭಾಭಿಯ ಮನೆಯವರು ಬ್ರೆಕ್ಸಿಟ್ ಕಾರಣಕ್ಕೆ ಐರೋಪ್ಯ ಪೌರರಿಗಾಗಿ ತಂದ ಯೋಜನೆಯಡಿ, 2021ರ ಜೂನ್ 30ರ ಗಡುವಿನೊಳಗೆ, ಮೊಬೈಲ್ ಫೋನಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಅದೇ ಹಕ್ಕನ್ನು ಪಡೆದರು. ಒಂದು ಪೆನ್ನಿಯೂ ಖರ್ಚಾಗಲಿಲ್ಲ. ಇದನ್ನು ಭಾಭಿ ಸಂತೋಷದಿಂದ ಹೇಳಿದ ಸಂಜೆ ನಾನು ನಗುತ್ತಲೇ ಅಭಿನಂದಿಸಿ, ಒಳಗೆ ಬಂದು ಅಡುಗೆಮನೆಯಲ್ಲಿ ನಿಂತು ಆಕೆಯ ಬಗ್ಗೆ ಏನೇನು ಯೋಚಿಸಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ನಾನು ಪದವೀಧರೆ, ಆಕೆ ಏಳನೆಯ ಇಯತ್ತೆ. ನಾನು ತಿಂಗಳಿಗೆ ಕಟ್ಟುವ ತೆರಿಗೆ ಆಕೆಯ ಅರ್ಧ ಸಂಬಳ. ಪೋರ್ಚುಗಲ್ಲಿನ ನೆಲವನ್ನೇ ಮೆಟ್ಟದವಳು ಯುರೋಪಿನವಳೆನಿಸಿಕೊಂಡಳು. ಈ ಮಾತುಗಳಿಗೂ ಬಾ ಅವರ ‘ಹಿಂಬಾಗಿಲಿ’ಗೂ ಯಾವ ವ್ಯತ್ಯಾಸವೂ ಇರಲಿಲ್ಲ. ರಾಜ್ಯೋತ್ಸವದ ಕೂಟಗಳಲ್ಲಿ ಊಟದ ತಟ್ಟೆ ಹಿಡಿದು ನಿಂತಾಗ ನಮ್ಮ ಕನ್ನಡಿಗರೂ, ನಾವು ಕಾನೂನುಬದ್ಧವಾಗಿ ಬಂದವರು, ನಮ್ಮನ್ನು ಅವರ ಜೊತೆ ಸೇರಿಸಬೇಡಿ ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ, ತಲೆಯಾಡಿಸಿದ್ದೇನೆ. ಕಷ್ಟಪಟ್ಟು ಪಡೆದದ್ದು ಇನ್ನೊಬ್ಬರಿಗೆ ಸುಲಭವಾಗಿ ಸಿಕ್ಕರೆ ನಮ್ಮ ಕಷ್ಟ ನಿಯಮ ಮಾಡಿದವರ ತಪ್ಪೆಂದು ತೋರುವುದಿಲ್ಲ, ಪಡೆದವರ ಕಳ್ಳತನವೆಂದು ತೋರುತ್ತದೆ.

ಭಾಭಿಗೆ ತನ್ನದೇ ಕೊರಗಿತ್ತೆಂದು ನನಗೆ ಆಮೇಲೆ ತಿಳಿಯಿತು. 2016ರ ಜನಮತಗಣನೆಯಲ್ಲಿ ಬ್ರಿಟನ್ನಿನಲ್ಲಿ ವಾಸವಿದ್ದ ಭಾರತೀಯ ಪಾಸ್‌ಪೋರ್ಟಿನವರಿಗೆ ಕಾಮನ್‌ವೆಲ್ತ್ ಪೌರರೆಂಬ ಕಾರಣಕ್ಕೆ ಮತವಿತ್ತು. ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದ ಆಕೆಗೆ ಇರಲಿಲ್ಲ. ತನ್ನ ಇರುವಿಕೆಯ ಬಗ್ಗೆಯೇ ಬೀದಿಯವರೆಲ್ಲ ಮತ ಹಾಕಿ ಬಂದ ದಿನ ಆಕೆ ಬಾಗಿಲಲ್ಲಿ ನಿಂತು ನೋಡಿದ್ದಳು. ಹಾಗಿದ್ದೂ ದೋಣಿಯಲ್ಲಿ ಬರುವವರ ಮಾತು ಬಂದಾಗ ಆಕೆ, “ನಮ್ಮ ಹತ್ತಿರ ಕಾಗದ ಇತ್ತು ದೀದಿ” ಎನ್ನುತ್ತಾಳೆ.

ಪೌರತ್ವದ ಅರ್ಜಿಗೆ ಮೊದಲು ‘ಲೈಫ್ ಇನ್ ದ ಯುಕೆ’ ಪರೀಕ್ಷೆ ಬರೆದಿರಬೇಕು. ಕಾಯಂ ವಾಸಕ್ಕೂ ಅದು ಬೇಕಾದ್ದರಿಂದ ನಾನು 2022ರಲ್ಲೇ ಬರೆದಿದ್ದೆ. 45 ನಿಮಿಷ, 24 ಪ್ರಶ್ನೆ, 18 ಸರಿಯಿರಬೇಕು, 50 ಪೌಂಡ್ ಶುಲ್ಕ. ಎಂಟನೆಯ ಹೆನ್ರಿಯ ಆರು ಹೆಂಡತಿಯರು, 1066ರ ಹೇಸ್ಟಿಂಗ್ಸ್ ಯುದ್ಧ ಇವನ್ನೆಲ್ಲ ಎಸ್ಸೆಸ್ಸೆಲ್ಸಿ ಮಗುವಿನಂತೆ ಬಾಯಿಪಾಠ ಮಾಡುತ್ತಿದ್ದಾಗ ಅಧಿಕೃತ ಕೈಪಿಡಿಯಲ್ಲಿ ಒಂದು ವಾಕ್ಯ ಎದುರಾಯಿತು: ಉಗಾಂಡ ಬಿಟ್ಟು ಹೊರಡಬೇಕಾಗಿ ಬಂದ ಭಾರತ ಮೂಲದ 28,000 ಜನರನ್ನು ಬ್ರಿಟನ್ ಬರಮಾಡಿಕೊಂಡಿತು ಎಂಬ ಅರ್ಥದ ಒಂದೇ ವಾಕ್ಯ. ಜಾಹೀರಾತಿನ ಮಾತು ಅದರಲ್ಲಿ ಇರಲಿಲ್ಲ. ನಾನು ಪುಸ್ತಕವನ್ನು ಹಿಡಿದುಕೊಂಡು ಹೋಗಿ ಬಾ ಅವರಿಗೆ ಆ ಸಾಲನ್ನು ಹಿಂದಿಯಲ್ಲಿ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ, 28,000 ಎಂಬ ಅಂಕಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ಇದರಲ್ಲಿ ನಾವು ಆರು ಜನ” ಎಂದರು.

ಅರ್ಹತೆ ಬಂದಿದ್ದರೂ ಅರ್ಜಿ ಹಾಕಲು ನಾನು ಆರು ತಿಂಗಳು ತಡಮಾಡಿದೆ. ಭಾರತವು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ. ಸಾಗರೋತ್ತರ ನಾಗರಿಕರ ಓಸಿಐ ಕಾರ್ಡು ಪಡೆಯಬಹುದು, ಆದರೆ ಮತದಾನವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಸ್ವಲ್ಪ ಸುಮ್ಮನಿದ್ದು, “ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮಾಡಿಕೋ” ಎಂದಳು. ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವ ದಾರಿ ಪೌರತ್ವದಿಂದಲೂ ತೆರೆಯುವುದಿಲ್ಲ. ವಯಸ್ಸಾದ ತಂದೆತಾಯಿಯನ್ನು ಕರೆತರುವ ನಿಯಮಗಳನ್ನು 2012ರಲ್ಲಿ ಎಷ್ಟು ಬಿಗಿ ಮಾಡಿದರೆಂದರೆ, ಹಾಸಿಗೆ ಹಿಡಿದು, ನೋಡಿಕೊಳ್ಳುವವರು ಅಲ್ಲಿ ಯಾರೂ ಸಿಗುವುದಿಲ್ಲವೆಂದು ಸಾಬೀತುಪಡಿಸಿದರೆ ಮಾತ್ರ ಒಂದು ಆಸೆ. ಇದನ್ನು ಆಕೆಗೆ ನಾನು ಹೇಳಲಿಲ್ಲ.

ಅರ್ಜಿಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ದಿನಗಳ ಲೆಕ್ಕ. ಹಿಂದಿನ ಐದು ವರ್ಷಗಳಲ್ಲಿ ದೇಶದಿಂದ ಹೊರಗಿದ್ದ ದಿನಗಳು 450 ದಾಟಬಾರದು, ಕೊನೆಯ ವರ್ಷದಲ್ಲಿ 90. 2021ರ ಮಾರ್ಚ್ 14ರಂದು ಅಪ್ಪನ ಕಾಯಿಲೆಗೆಂದು ಹೊರಟವಳು ಮೂರು ವಾರಕ್ಕೆ ಬರಬೇಕಿತ್ತು. ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೋವಿಡ್ ಕೆಂಪುಪಟ್ಟಿಗೆ ಸೇರಿಸಿತು, ಹಿಂತಿರುಗುವವರು ಹತ್ತು ದಿನ ಹೋಟೆಲಿನಲ್ಲಿ ಬಂದಿಯಾಗಿರಲು 1,750 ಪೌಂಡ್ ಕಟ್ಟಬೇಕಾಯಿತು. ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡರು. ಭಾರತ ಕೆಂಪುಪಟ್ಟಿಯಿಂದ ಹೊರಬಂದ ಎರಡು ದಿನಕ್ಕೆ, ಆಗಸ್ಟ್ 10ರಂದು, ನಾನು ಲೆಸ್ಟರಿಗೆ ಮರಳಿದೆ. ಹೊರಟ ದಿನ, ಬಂದ ದಿನ ಬಿಟ್ಟು ಎಣಿಸಬೇಕೆಂಬುದು ನಿಯಮ. ಅಪ್ಪನ ಕೋಣೆಯ ಕಾಲನಿರ್ಣಯ ಕ್ಯಾಲೆಂಡರನ್ನು ನಾನು ಜೊತೆಗೆ ತಂದಿದ್ದೆ. ಔಷಧದ ಹೊತ್ತುಗಳನ್ನು ಅವರೇ ಪೆನ್ಸಿಲಿನಲ್ಲಿ ಗುರುತಿಸಿಟ್ಟ ಆ ಹಾಳೆಗಳ ಮೇಲೆ ಎಣಿಸಿ 148 ಎಂದು ತುಂಬಿದೆ. ಕಾರಣ ಎಂಬ ಜಾಗದಲ್ಲಿ ‘ಕುಟುಂಬ ಭೇಟಿ’ ಎಂದು ಬರೆದೆ.

ಆ ಭಾನುವಾರ ಬಾ ಅವರಿಗೆ ಅರ್ಜಿಯ ವಿಷಯ ವಿವರಿಸಿದಾಗ ಅವರು ಕೂಡಲೇ ಒಪ್ಪಲಿಲ್ಲ. ಯಾವ ಮಾತಿಗೆ ಸಹಿ ಮಾಡುತ್ತಿದ್ದೇನೆಂದು ಪ್ರತಿ ಸಾಲನ್ನೂ ಓದಿಸಿಕೊಂಡರು. ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಅವರ ಈಗಿನ ಪಾಸ್‌ಪೋರ್ಟಿನ ಕೆಳಗೆ 1972ರ ನೀಲಿ ಪಾಸ್‌ಪೋರ್ಟ್, ಅದರ ಕೆಳಗೆ ಜಿಂಜಾದ ಅಂಗಡಿಯ ಒಂದು ರಸೀದಿ ಪುಸ್ತಕ. ಹತ್ತೊಂಬತ್ತರ ಹುಡುಗಿಯ ಫೋಟೋದಲ್ಲಿ ಮೂಗುಬೊಟ್ಟು ಇತ್ತು. ಪಾಸ್‌ಪೋರ್ಟಿನ ಸಂಖ್ಯೆಯನ್ನು ನಾನು ಬರೆದುಕೊಂಡೆ. ಅರ್ಜಿದಾರರನ್ನು ಹೇಗೆ ಬಲ್ಲಿರಿ ಎಂಬ ಪ್ರಶ್ನೆಗೆ ಏನು ಬರೆಯಲಿ ಎಂದು ಕೇಳಿದಾಗ ಅವರು ‘ಪಡೋಶಿ’ ಎಂದರು, ನೆರೆಯವಳು. ನಾನು ಅದನ್ನು ಇಂಗ್ಲಿಷಿನಲ್ಲಿ ಬರೆದೆ, ಅವರು ಗುಜರಾತಿಯಲ್ಲಿ ಸಹಿ ಹಾಕಿದರು. “ನಿನ್ನದು ಬೇರೆ” ಎಂದರು, ಡಬ್ಬಿ ಮುಚ್ಚುತ್ತ. ಆ ಮಾತು ನನಗೆ ಸಂತೋಷ ಕೊಡಬೇಕಿತ್ತು.

ಮೇ ತಿಂಗಳಲ್ಲಿ 1,630 ಪೌಂಡ್ ಕಟ್ಟಿ ಅರ್ಜಿ ಸಲ್ಲಿಸಿದೆ. ಭಯೋತ್ಪಾದನೆ, ಯುದ್ಧಾಪರಾಧ, ನರಮೇಧಗಳಲ್ಲಿ ಭಾಗಿಯಾಗಿದ್ದೀರಾ ಎಂಬ ಪ್ರಶ್ನೆಗಳಿಗೆಲ್ಲ ಇಲ್ಲ ಎಂದು ಗುರುತು ಹಾಕಿ, ಬೆರಳಚ್ಚು ಕೊಟ್ಟು ಬಂದೆ. ಮುಂದೆ ಕಾಯುವುದಷ್ಟೇ ಉಳಿದಿತ್ತು.

ಕಾಯುತ್ತಿದ್ದಾಗಲೇ ಆಗಸ್ಟ್ ಬಂತು. ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂಬ ಸುಳ್ಳು ಸುದ್ದಿ ಹರಡಿತು. ಅವನು ಕಾರ್ಡಿಫ್‌ನಲ್ಲಿ ಹುಟ್ಟಿದವನು. ಮಸೀದಿಗಳ ಮೇಲೆ ಕಲ್ಲು ಬಿದ್ದವು, ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ ಆಶ್ರಯಾರ್ಥಿಗಳಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೊರಟರು. 7ರ ಸಂಜೆ ಎಲ್ಲೆಲ್ಲಿ ದಾಳಿಯಾಗಲಿದೆಯೆಂಬ ಪಟ್ಟಿಗಳು ಎಲ್ಲರ ಫೋನಿನಲ್ಲಿದ್ದವು. ನಮ್ಮ ಕಚೇರಿಯವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಬೆಲ್‌ಗ್ರೇವ್ ರಸ್ತೆಯಲ್ಲಿ ಹಲವು ಅಂಗಡಿಗಳು ಹೊತ್ತಿಗೆ ಮೊದಲೇ ಬಾಗಿಲು ಎಳೆದವು.

ಆ ಸಂಜೆ ನನಗೆ ನೆನಪಾದದ್ದು 2012ರ ಆಗಸ್ಟಿನ ಬೆಂಗಳೂರು. ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುವುದೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಸಾವಿರಾರು ಜನ ರೈಲು ನಿಲ್ದಾಣಕ್ಕೆ ಓಡಿದರು, ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ನನ್ನ ಪೀಜಿಯಲ್ಲಿ ನನ್ನದೇ ಕೋಣೆಯಲ್ಲಿದ್ದ ಅಸ್ಸಾಮಿನ ಹುಡುಗಿ ಚೀಲ ತುಂಬಿಕೊಂಡು, ನಾನು ಹೋಗಬೇಕಾ ಎಂದು ನನ್ನನ್ನು ಕೇಳಿದಳು. ಇದು ನಿನ್ನ ಊರೇ, ಎಲ್ಲಿಗೂ ಹೋಗಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿನಗೆ ಸರಿ ಕಂಡಂತೆ ಮಾಡು ಎಂದೆ. ಆಟೋ ಸ್ಟ್ಯಾಂಡಿನವರೆಗೂ ಜೊತೆಗೆ ಹೋಗಲಿಲ್ಲ. ಕನ್ನಡ ಕಲಿಯದವರು, ಬಾಡಿಗೆ ಏರಿಸಿದವರು ಎಂದು ಅಲ್ಲಿಯವರೆಗೆ ಊಟದ ಮೇಜಿನಲ್ಲಿ ಹೊರಗಿನವರ ಬಗ್ಗೆ ನಾವು ಆಡಿಕೊಂಡಿದ್ದ ಮಾತುಗಳನ್ನೆಲ್ಲ ಅವಳೂ ಅದೇ ಮೇಜಿನಲ್ಲಿ ಕುಳಿತು ಕೇಳಿಸಿಕೊಂಡಿದ್ದಳು. ಅವಳು ಮರಳಿ ಬರಲಿಲ್ಲ.

ಆರು ಗಂಟೆಗೆ ಬಾ ಅವರು ಗೋಡೆ ತಟ್ಟಿದರು. ಹೋದರೆ ಅವರ ಮುಂದಿನ ಕೋಣೆಯಲ್ಲಿ ಭಾಭಿ ಕುಳಿತಿದ್ದಳು, ಪಕ್ಕದಲ್ಲಿ ಮಗ. ಆ ಮನೆಯ ಹೊಸ್ತಿಲನ್ನು ಅವರು ದಾಟಿದ್ದನ್ನು ನಾನು ಮೊದಲ ಸಲ ನೋಡಿದ್ದು. ಗಂಡ ಪಾಳಿಗೆ ಹೋಗಿದ್ದರಿಂದ ಬಾ ಅವರೇ ಕರೆಸಿದ್ದರು. ಟಿವಿಯ ಸದ್ದು ಕಡಿಮೆ ಮಾಡಿ ಅವರು 1979ರ ಏಪ್ರಿಲಿನಲ್ಲಿ ನ್ಯಾಷನಲ್ ಫ್ರಂಟ್ ಎಂಬ ವಲಸೆ ವಿರೋಧಿ ಪಕ್ಷದವರು ಲೆಸ್ಟರಿನಲ್ಲಿ ಮೆರವಣಿಗೆ ಮಾಡಿದ ದಿನವನ್ನು ಹೇಳಿದರು. ಅಂದು ಎರಡು ಮಕ್ಕಳನ್ನು ಮಂಚದ ಕೆಳಗೆ ಮಲಗಿಸಿ ಅವರು ಬಾಗಿಲಿಗೆ ಮೇಜು ಒತ್ತರಿಸಿದ್ದರಂತೆ. ಪಕ್ಕದಲ್ಲಿದ್ದ ಐರಿಷ್ ಹೆಂಗಸು ಬಂದು ರಾತ್ರಿಯೆಲ್ಲ ಜೊತೆಗೆ ಕುಳಿತಿದ್ದಳಂತೆ. ಭಾಭಿ ಏನೂ ಹೇಳದೆ ಬಟ್ಟಲಿನ ಜುಗು ಸುಲಿಯುತ್ತಿದ್ದಳು. ಆ ಸಂಜೆ ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಅನೇಕ ಊರುಗಳಲ್ಲಿ ದಾಳಿಕೋರರ ಬದಲು ಅವರನ್ನು ವಿರೋಧಿಸುವ ಸಾವಿರಾರು ಜನ ಸೇರಿದ್ದನ್ನು ಹತ್ತು ಗಂಟೆಯ ವಾರ್ತೆಯಲ್ಲಿ ನೋಡಿ ಎದ್ದೆವು. ಮರುವಾರ ಬಾ ಅವರು ಮತ್ತೆ, ದೋಣಿಗಳನ್ನು ನಿಲ್ಲಿಸದಿದ್ದರೆ ಹೀಗೇ ಆಗುವುದು ಎಂದರು. ಕಸದ ಡಬ್ಬಿಯ ದೂರು ಮಾತ್ರ ಆಮೇಲೆ ನನ್ನ ಕಿವಿಗೆ ಬಿದ್ದಿಲ್ಲ.

ಅಕ್ಟೋಬರಿನಲ್ಲಿ ಒಪ್ಪಿಗೆ ಬಂತು, ಡಿಸೆಂಬರಿನಲ್ಲಿ ಪ್ರಮಾಣವಚನ. ದೇವರ ಹೆಸರಿನಲ್ಲಿ ಬೇಕೋ ದೃಢೀಕರಣ ಸಾಕೋ ಎಂದು ಮೊದಲೇ ಕೇಳಿಕೊಂಡರು. ದೊರೆ ಮೂರನೆಯ ಚಾರ್ಲ್ಸ್ ಅವರ ಭಾವಚಿತ್ರದ ಮುಂದೆ ನಾವೆಲ್ಲ ಎದ್ದು ನಿಂತು ನಿಷ್ಠೆಯ ಮಾತುಗಳನ್ನು ಒಟ್ಟಿಗೆ ಹೇಳಿದೆವು. ಅತಿಥಿಯಾಗಿ ಬಂದಿದ್ದ ಬಾ ಅವರು ರಾಷ್ಟ್ರಗೀತೆಗೆ ನನಗಿಂತ ಗಟ್ಟಿಯಾಗಿ ದನಿಗೂಡಿಸಿದರು. ಪಾಸ್‌ಪೋರ್ಟಿನ ಹಕ್ಕಿನಿಂದ ಬಂದ ಅವರಿಗೆ ಇಂಥ ಸಮಾರಂಭ ಯಾರೂ ಮಾಡಿರಲಿಲ್ಲ. ನನ್ನ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿದ್ದು ಜನವರಿಯಲ್ಲಿ. ರದ್ದು ಮುದ್ರೆಯೊಂದಿಗೆ ಅಂಚೆಯಲ್ಲಿ ಮರಳಿ ಬಂದ ಅದನ್ನು ಅಪ್ಪನ ಕ್ಯಾಲೆಂಡರಿನ ಜೊತೆಗೆ ಇಟ್ಟೆ.

ಕಳೆದ ವಸಂತದಲ್ಲಿ ಭಾಭಿ ತನ್ನ ಪೌರತ್ವದ ಅರ್ಜಿಯ ಹಾಳೆಗಳನ್ನು ಹಿಡಿದು ಬಂದಳು. ಪೋರ್ಚುಗಲ್ ಇಬ್ಬಗೆಯ ಪೌರತ್ವ ಒಪ್ಪುವುದರಿಂದ ಆಕೆ ಏನನ್ನೂ ಒಪ್ಪಿಸಬೇಕಾಗಿಲ್ಲ. ಅದನ್ನು ಕೇಳಿದಾಗ ಹಳೆಯ ಆ ಸಂಕಟ ಒಮ್ಮೆ ಹೊಟ್ಟೆಯಲ್ಲಿ ಮಿಸುಕಿತು, ಇಲ್ಲವೆನ್ನಲಾರೆ. ಆಕೆ ಮೊದಲು ಬಾ ಅವರ ಬಳಿಗೆ ಹೋಗಿದ್ದಳು. ಅವರು ಕೈ ನಡುಗುತ್ತದೆ, ಈಗ ಸಹಿ ಆಗುವುದಿಲ್ಲ ಎಂದರಂತೆ. ಅವರ ಕೈ ನಿಜಕ್ಕೂ ನಡುಗುತ್ತದೆ. ಅದೇ ವಾರ ಬ್ಯಾಂಕಿನ ಕಾಗದಕ್ಕೆ ನನ್ನೆದುರು ಸಹಿ ಹಾಕಿದ್ದೂ ನಿಜ. ನಾನು ಅವರನ್ನು ಈ ಬಗ್ಗೆ ಕೇಳಲಿಲ್ಲ.

ನನ್ನ ಹೊಸ ಪಾಸ್‌ಪೋರ್ಟನ್ನು ತಂದು ಅದರ ಸಂಖ್ಯೆಯನ್ನು ಚೌಕಗಳಲ್ಲಿ ತುಂಬಿದೆ. ಎಷ್ಟು ಕಾಲದಿಂದ ಬಲ್ಲಿರಿ ಎಂಬಲ್ಲಿ 2017ರಿಂದ ಎಂದು ಬರೆದೆ. ಹೇಗೆ ಬಲ್ಲಿರಿ ಎಂಬಲ್ಲಿಗೆ ಬಂದಾಗ ಭಾಭಿ ಕುತ್ತಿಗೆ ಚಾಚಿ, ಏನು ಬರೆಯುತ್ತೀರಿ ದೀದಿ ಎಂದು ಕೇಳಿದಳು. ಪಡೋಶಿ ಎಂದೆ.